ಒದ್ದೆ ಟವೆಲ್ಲಿನ ಧೈರ್ಯವನ್ನು ದಯವಿಟ್ಟು ಹೊಗಳಬೇಡಿ

ಈಗಷ್ಟೇ ಮನೆಗೆ ಬಂದೆ. ಅಂಗಿಯಲ್ಲಿ ಇನ್ನೂ ಸುಟ್ಟ ಗೋಣಿಚೀಲದ ವಾಸನೆ. ನಮ್ಮ ಪೇಟೆ ಹೊರಗಿನ ಕಾಫಿ ಗೋದಾಮಿಗೆ ಬೆಂಕಿ ಬಿದ್ದಿತ್ತು. ಅಗ್ನಿಶಾಮಕ ದಳದ ಒಬ್ಬ ಹುಡುಗ, ನನ್ನ ಮಗನಿಗಿಂತ ಚಿಕ್ಕವನು, ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಹೊಗೆಯೊಳಗೆ ನುಗ್ಗಿದ. ನಿಂತವರು ವಿಡಿಯೋ ಮಾಡುತ್ತಾ 'ಎಂಥಾ ಧೈರ್ಯ' ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಬಿಎ ಸೆಟ್, ಅಂದರೆ ಬೆನ್ನಿಗೆ ಹೊತ್ತು ಮಾಸ್ಕಿನಿಂದ ಉಸಿರಾಡುವ ಗಾಳಿಯ ಸಿಲಿಂಡರ್, ಗಾಡಿಯಲ್ಲೇ ಇತ್ತು. ಯಾಕೆ ಹಾಕಿಲ್ಲ ಅಂತ ಕೇಳಿದ್ದಕ್ಕೆ ಹುಡುಗ 'ಗಾಳಿ ತುಂಬಿಸಿಲ್ಲ ಸಾರ್' ಅಂದ.

ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು, ನಿಮಗೆಲ್ಲ ಗೊತ್ತು. ಒದ್ದೆ ಬಟ್ಟೆ ಮಸಿಯನ್ನು ಸ್ವಲ್ಪ ತಡೆಯುತ್ತದೆ, ಅಷ್ಟೇ. ಕಾರ್ಬನ್ ಮಾನಾಕ್ಸೈಡ್ ಅದಕ್ಕೆ ನಿಲ್ಲುವುದಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ಗೊತ್ತೇ ಆಗಲ್ಲ. ನಾನೂ ಟವೆಲ್ ಕಟ್ಟಿಕೊಂಡು ಹೋದವನೇ. ಒಮ್ಮೆ ಹೊರಗೆ ಬಂದು, ಗಾಡಿಯ ಚಕ್ರಕ್ಕೆ ಒರಗಿ ವಾಂತಿ ಮಾಡಿ, ಎರಡು ದಿನ ತಲೆ ಎತ್ತಲಾಗದೆ ಮಲಗಿದ್ದೆ. ಮನೆಯಲ್ಲಿ ಜ್ವರ ಅಂತ ಸುಳ್ಳು ಹೇಳಿದೆ. ಇವತ್ತೇ ಮೊದಲ ಸಲ ಹೇಳುತ್ತಿದ್ದೇನೆ.

ಸೆಟ್ ಇದ್ದರೂ ಲೆಕ್ಕ ಬಿಗಿಯೇ. 6.8 ಲೀಟರಿನ ಸಿಲಿಂಡರಿಗೆ 300 ಬಾರ್ (ಒತ್ತಡದ ಅಳತೆ) ತುಂಬಿದರೆ ಸುಮಾರು 2,000 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಅಂತ ಹಿಡಿದರೆ 50 ನಿಮಿಷ. ಆದರೆ ಪೈಪ್ ಎಳೆದುಕೊಂಡು ಮೂಟೆಗಳ ನಡುವೆ ತೆವಳುವವನು ಅದರ ಎರಡರಷ್ಟು ಎಳೆಯುತ್ತಾನೆ. ಅಲ್ಲಿಗೆ 25 ನಿಮಿಷ. ಈ ಸೆಟ್‌ಗಳಿಗಿರುವ ಯುರೋಪಿನ ಮಾನದಂಡ ಇಎನ್ 137ರ ಪ್ರಕಾರ ಒತ್ತಡ 55 ಬಾರ್ ಸುಮಾರಿಗೆ ಇಳಿದಾಗ ಎಚ್ಚರಿಕೆಯ ವಿಸಿಲ್ ಕೂಗಬೇಕು. ಆಗ ಉಳಿದಿರುವುದು ಐದು ನಿಮಿಷವೂ ಬಾರದ ಗಾಳಿ. ಅದಕ್ಕೇ ಅಮೆರಿಕದ ಎನ್‌ಎಫ್‌ಪಿಎ 1981 ಎಂಬ ಮಾನದಂಡದ 2013ರ ಆವೃತ್ತಿಯಲ್ಲಿ, ಗಾಳಿ ಕಾಲು ಭಾಗ ಉಳಿದಾಗ ಕೊಡುತ್ತಿದ್ದ ಎಚ್ಚರಿಕೆಯನ್ನು ಮೂರನೇ ಒಂದು ಭಾಗ ಉಳಿದಾಗಲೇ ಕೊಡುವಂತೆ ಮಾಡಿದರು. ನಮ್ಮಲ್ಲೂ ಐಎಸ್ 10245 ಅನ್ನೋ ಭಾರತೀಯ ಮಾನದಂಡ ಇದೆ. ಆದರೆ ಖಾಲಿ ಸಿಲಿಂಡರ್ ಮೇಲೆ ಯಾವ ಮುದ್ರೆ ಇದ್ದರೇನು?

'ಕೊಡಗಲ್ಲಿ ಮರ ಬೀಳೋದು, ಗುಡ್ಡ ಜರಿಯೋದೇ ಜಾಸ್ತಿ, 2018ರಲ್ಲಿ ನೋಡಿಲ್ವಾ, ಸೆಟ್ಟಿನ ದುಡ್ಡಿಗೆ ಗರಗಸ, ಹಗ್ಗ ತರಲಿ' ಅಂತ ಒಬ್ಬರು ಅಲ್ಲೇ ಹೇಳಿದರು. ಗರಗಸ ಬೇಕು, ಇಲ್ಲ ಅನ್ನಲ್ಲ. ಆದರೆ ಊರ ತುಂಬ ಗೋದಾಮು, ಹೋಂಸ್ಟೇ ಇರುವ ಜಿಲ್ಲೆ ಇದು. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರಿನ ಗುಂಡಿಗೆ, ಹಾಳುಬಾವಿಗೆ ಬಿದ್ದವರನ್ನು ಎತ್ತಲು ಇಳಿಯುವವನಿಗೂ ಇದೇ ಸೆಟ್ ಬೇಕು. ಮತ್ತೆ ನಾನು ಹೊಸ ಸೆಟ್ ಕೇಳುತ್ತಲೇ ಇಲ್ಲ. ಇರುವುದಕ್ಕೆ ಗಾಳಿ ತುಂಬಿಸಿ, ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದಾ ನೋಡಿ ಅಂತಿದ್ದೇನೆ. ಇದಕ್ಕೆ ಬೆಳಿಗ್ಗೆ ಹತ್ತು ನಿಮಿಷ ಸಾಕು.

ಆ ಹುಡುಗ ಹೊರಗೆ ಬಂದು ನಲ್ಲಿ ಹತ್ತಿರ ಕೂತು ಉಗಿದ. ಕಪ್ಪು ಕಫ. ನಾನು ಬೆನ್ನು ಸವರಿದೆ. ಟವೆಲ್ಲನ್ನು ಹಿಂಡಿ ಮತ್ತೆ ಕುತ್ತಿಗೆಗೆ ಹಾಕಿಕೊಂಡು ಎದ್ದು ಹೊರಟ.