ಮೊದಲು ನಮಗೆ ನಾವು ಕೇಳಿಸಬೇಕು

ಕಳೆದ ವಾರ ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ಆರತಕ್ಷತೆಗೆ ಹಾಡಿ ಬಂದೆವು. ಹಾಡುವವರು ಏಳು ಜನ, ತಬಲಾ ಮತ್ತು ಕೀಬೋರ್ಡ್ ಸೇರಿ ಒಂಬತ್ತು ಮಂದಿ. ಎರಡೂವರೆ ಗಂಟೆ ಹಾಡಿದೆವು. ವೇದಿಕೆ ಇಳಿಯುವಾಗ ತಂಡದ ಹಿರಿಯಕ್ಕ ನನ್ನ ಕೈ ಹಿಡಿದು, "ಇವತ್ತು ನಿನ್ನ ದನಿ ನನಗೆ ಒಂದು ಸಲವೂ ಕೇಳಿಸಲಿಲ್ಲ ಕಣಮ್ಮ" ಎಂದರು. ಅವರು ಅಷ್ಟು ಹೊತ್ತೂ ನಿಂತಿದ್ದದ್ದು ನನ್ನ ಬಲಗಡೆ, ಒಂದೂವರೆ ಅಡಿ ದೂರದಲ್ಲಿ. ರಾತ್ರಿ ಮೈಸೂರಿಗೆ ವಾಪಸಾಗುವವರೆಗೆ ವ್ಯಾನಿನಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಅಕ್ಕನ ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವು ಹದಿನಾಲ್ಕು ವರ್ಷಗಳಿಂದ ಒಟ್ಟಿಗೆ ಹಾಡುತ್ತಿದ್ದೇವೆ. ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತೇನೆ. ಒಬ್ಬರದು ದಿನಸಿ ಅಂಗಡಿ, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಇನ್ನೊಬ್ಬರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಭಾವಗೀತೆ, ವಚನ, ತತ್ವಪದ, ಜನಪದ, ದೇವರನಾಮ, ಎಲ್ಲವನ್ನೂ ಹಾಡುತ್ತೇವೆ. ನವೆಂಬರ್ ನಮ್ಮ ಸುಗ್ಗಿ: ಬೆಳಿಗ್ಗೆ ಶಾಲೆಯೊಂದರ ರಾಜ್ಯೋತ್ಸವ, ಸಂಜೆ ಕಾರ್ಖಾನೆಯ ಕನ್ನಡ ಸಂಘ, ಮರುದಿನ ಬಡಾವಣೆಯ ಪಾರ್ಕು. ಅದು ಕಳೆದರೆ ಜಾತ್ರೆ, ಮದುವೆ, ಗೃಹಪ್ರವೇಶ, ಷಷ್ಟ್ಯಬ್ದಿ, ಪುಸ್ತಕ ಬಿಡುಗಡೆ, ನಿವೃತ್ತರಿಗೆ ಬೀಳ್ಕೊಡುಗೆ, ತಿಥಿ. ಒಂದೇ ವಾರದಲ್ಲಿ ಮದುವೆಗೂ ತಿಥಿಗೂ ಹಾಡಿದ್ದೇವೆ. ಕರೆದವರ ಮನೆಯ ಸಂತೋಷವೋ ದುಃಖವೋ, ಆ ಹೊತ್ತಿಗೆ ಅದು ನಮ್ಮದೂ ಆಗುತ್ತದೆ.

ಗುಂಪಿನಲ್ಲಿ ಹಾಡುವುದೆಂದರೆ ಏಳು ಜನ ಒಂದೇ ಹಾಡನ್ನು ಒಂದೇ ಸಮಯಕ್ಕೆ ಹಾಡುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಒಳಗಿನ ಕಷ್ಟ ಬೇರೆ ಇದೆ. ಗಂಡಸರ ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಸ್ವರ, ಸಾಮಾನ್ಯವಾಗಿ ಹಾರ್ಮೋನಿಯಂನ ಒಂದನೆಯ ಬಿಳಿ ಮನೆಯ, ಬಿಳಿ ಒಂದರ, ಆಸುಪಾಸು, ಹೆಂಗಸರದು ಬಿಳಿ ಐದರ ಆಸುಪಾಸು. ಎರಡರ ನಡುವೆ ಷಡ್ಜದಿಂದ ಪಂಚಮದಷ್ಟು, ಅಂದರೆ 'ಸ'ದಿಂದ 'ಪ'ದಷ್ಟು ದೂರ. ಒಬ್ಬರೇ ಹಾಡುವವರು ತಮ್ಮ ಗಂಟಲಿಗೆ ಒಪ್ಪುವ ಶ್ರುತಿ ಇಟ್ಟುಕೊಳ್ಳುತ್ತಾರೆ. ನಾವು ನಡುವೆ ಎಲ್ಲೋ ಒಂದು ಕಡೆ ರಾಜಿಯಾಗಬೇಕು. ಅಲ್ಲಿ ಹೆಂಗಸರಿಗೆ ತಗ್ಗಿನ ಸ್ವರಗಳು ಸಿಕ್ಕುವುದಿಲ್ಲ, ಗಂಡಸರಿಗೆ ತಾರಸ್ಥಾಯಿಯಲ್ಲಿ ಗಂಟಲು ಬಿಗಿಯುತ್ತದೆ. ತಗ್ಗಿನ ಸಾಲು ಬಂದಾಗ ಗಂಡಸರು ಹೆಗಲು ಕೊಡುತ್ತಾರೆ, ಏರು ಸಾಲು ಬಂದಾಗ ನಾವು ಕೊಡುತ್ತೇವೆ. ಉಸಿರಿನದೂ ಹಾಗೆಯೇ. ಉದ್ದನೆಯ ಸಾಲಿನಲ್ಲಿ ಏಳು ಜನವೂ ಒಟ್ಟಿಗೆ ಉಸಿರೆಳೆದರೆ ಹಾಡು ತುಂಡಾಗುತ್ತದೆ. ಪಕ್ಕದವರು ಉಸಿರು ತೆಗೆದುಕೊಳ್ಳುವಾಗ ನಾನು ಎಳೆಯನ್ನು ಹಿಡಿದಿರಬೇಕು, ಅವರು ಬಂದ ಮೇಲೆ ನಾನು ಬಿಡಬೇಕು. ಇದನ್ನು ಯಾವ ಪುಸ್ತಕದಲ್ಲೂ ಗುರುತು ಹಾಕಿಟ್ಟುಕೊಳ್ಳಲು ಆಗುವುದಿಲ್ಲ. ಕಿವಿಯಿಂದಲೇ ಆಗಬೇಕು. ಪಕ್ಕದವರು ಕೇಳಿಸದಿದ್ದರೆ ನಾವು ಗುಂಪಲ್ಲ, ಅಕ್ಕಪಕ್ಕ ನಿಂತು ಬೇರೆ ಬೇರೆ ಹಾಡುತ್ತಿರುವ ಏಳು ಜನ, ಅಷ್ಟೇ.

ಈಗಿನ ವೇದಿಕೆಗಳಲ್ಲಿ ಆಗುತ್ತಿರುವುದು ಅದೇ. ಇಪ್ಪತ್ತು ಅಡಿ ಉದ್ದಕ್ಕೆ ನಮ್ಮನ್ನು ಸಾಲಾಗಿ ನಿಲ್ಲಿಸುತ್ತಾರೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು. ಸ್ಪೀಕರ್‌ಗಳು ಜನರ ಕಡೆ ಮುಖ ಮಾಡಿರುತ್ತವೆ. ನಮ್ಮ ದನಿ ನಮಗೇ ಕೇಳಿಸಲು ನಮ್ಮ ಕಡೆ ತಿರುಗಿಸಿದ ಒಂದು ಸ್ಪೀಕರ್, ಸೌಂಡಿನವರ ಮಾತಿನಲ್ಲಿ ಮಾನಿಟರ್, ಕೂಡ ಇರುವುದಿಲ್ಲ. ನಮಗೆ ಕೇಳಿಸುವುದು ಎದುರು ಗೋಡೆಗೆ ಬಡಿದು ಹಿಂದಿರುಗಿದ ದನಿ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಗೋಡೆ 34 ಮೀಟರ್ ದೂರವಿದ್ದರೆ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಕೇಳಲು ಇದು ಚಿಕ್ಕ ಲೆಕ್ಕ. ಆದರೆ ವೇಗದ ಜನಪದ ಗೀತೆಯಲ್ಲಿ ಅಷ್ಟು ಹೊತ್ತಿಗೆ ಮುಂದಿನ ಅಕ್ಷರ ಬಾಯಿಗೆ ಬಂದಾಗಿರುತ್ತದೆ. ಆ ದನಿಯನ್ನು ನಂಬಿದವರು ತಾಳ ತಪ್ಪುತ್ತಾರೆ. ಮಂಟಪಗಳ ನುಣುಪು ನೆಲ, ಕಾಂಕ್ರೀಟ್ ಸೂರು, ಅದರ ಮೇಲೆ ಸೌಂಡಿನವರು ಪ್ರೀತಿಯಿಂದ ಹಾಕಿಕೊಡುವ ಎಕೋ! ತಮ್ಮ ದನಿ ತಮಗೆ ಕೇಳಿಸದಿದ್ದರೆ ಯಾರಾದರೂ ಜೋರು ಮಾಡುತ್ತಾರೆ. ಏಳು ಜನವೂ ಜೋರು ಮಾಡುತ್ತಾರೆ. ಭಾನುವಾರ ಹೀಗೆ ಹಾಡಿದರೆ ಸೋಮವಾರ ತರಗತಿಯಲ್ಲಿ ನನ್ನ ಗಂಟಲು ಏಳುವುದಿಲ್ಲ. ಅತಿಮಧುರದ ತುಂಡು ಬಾಯಲ್ಲಿಟ್ಟುಕೊಂಡು ಪಾಠ ಮಾಡಿದ ದಿನಗಳು ಎಷ್ಟೋ ಇವೆ.

ಮದುವೆಯ ಜನರನ್ನು ನಾನು ದೂರುವುದಿಲ್ಲ. ವರ್ಷಗಳ ನಂತರ ಸಿಕ್ಕಿದ ಅತ್ತೆಯ ಮಗಳೊಂದಿಗೆ ಮಾತನಾಡದೆ ನಮ್ಮ ಹಾಡು ಕೇಳುತ್ತಾ ಕೂರಬೇಕೆಂದು ಬಯಸುವುದು ತಪ್ಪು. ಆದರೆ ಹಾಡಿನ ಸದ್ದು ಹೆಚ್ಚಾದಷ್ಟೂ ಅವರು ಗಟ್ಟಿಯಾಗಿ ಮಾತನಾಡುತ್ತಾರೆ, ಅವರು ಗಟ್ಟಿಯಾದಷ್ಟೂ ಸೌಂಡಿನವರು ಸದ್ದು ಏರಿಸುತ್ತಾರೆ. ಸದ್ದು ಅರ್ಧಕ್ಕೆ ಇಳಿದರೆ ಮಾತೂ ನಡೆಯುತ್ತದೆ, ಹಾಡೂ ನಡೆಯುತ್ತದೆ. ಮಂಡ್ಯ ಸೀಮೆಯ ಮದುವೆಗಳಲ್ಲಿ ಸೋಬಾನೆ ಹೇಳುವ ಹೆಂಗಸರನ್ನು ನೋಡಿದವರಿಗೆ ಇದು ಹೊಸದಲ್ಲ. ಒಬ್ಬಿಬ್ಬರು ಪದ ಎತ್ತುತ್ತಾರೆ, ಉಳಿದವರು ಸೊಲ್ಲು ಹಿಡಿದು ದನಿಗೂಡಿಸುತ್ತಾರೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತಿರುತ್ತಾರೆ. ಪದ ಮರೆತವಳನ್ನು ಪಕ್ಕದವಳು ತುಟಿ ನೋಡಿಯೇ ದಾಟಿಸುತ್ತಾಳೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ರಾತ್ರಿಯೆಲ್ಲಾ ಹಾಡುತ್ತಾರಲ್ಲ, ಆ ಕಥೆ ಕಡಿಯದೆ ನಡೆಯುವುದು ಹಿಮ್ಮೇಳದ ಕಿವಿಯಿಂದ. ಮುಂದಾಳು ಒಂದು ಮಾತು ನಿಲ್ಲಿಸಿದನೋ, ಹಿಮ್ಮೇಳ ಎತ್ತಿಕೊಂಡಿರುತ್ತದೆ. ತಂಬೂರಿ, ಡಕ್ಕೆ, ಗಗ್ಗರ ಎಲ್ಲವೂ ಕೈಗೆಟುಕುವ ದೂರದಲ್ಲಿರುತ್ತವೆ.

ನನಗೆ ಇದು ಅರ್ಥವಾದದ್ದು ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯ ಭಜನಾ ಮೇಳದಲ್ಲಿ. ಊರೂರಿನ ತಂಡಗಳು ಅಲ್ಲಿಗೆ ಬರುತ್ತವೆ. ನಮ್ಮ ಮುಂದೆ ಹಾಡಿದ್ದು ಒಂದು ಹಳ್ಳಿಯ ತಂಡ, ಹೆಚ್ಚಿನವರು ಅರವತ್ತು ದಾಟಿದವರು. ಹಾರ್ಮೋನಿಯಂ ನಡುವೆ ಇಟ್ಟು ಸುತ್ತ ಕುಳಿತರು. ಇಬ್ಬರ ಬೆನ್ನು ಜನರ ಕಡೆಗಿತ್ತು. ಯಾರೋ ಹೋಗಿ ತಿರುಗಿ ಕೂರಲು ಹೇಳಿದಾಗ ಅವರಲ್ಲೊಬ್ಬರು, "ಅವರ ಮುಖ ನೋಡದಿದ್ದರೆ ನನಗೆ ಪದ ಬರುವುದಿಲ್ಲ ಸ್ವಾಮಿ" ಎಂದರು. ಅಂದಿನಿಂದ ನಾವು ಅಭ್ಯಾಸದಲ್ಲಿ ದುಂಡಗೆ ಕೂರುತ್ತೇವೆ, ವೇದಿಕೆಯಲ್ಲಿ ಸಂಘಟಕರು ಬಿಟ್ಟುಕೊಟ್ಟರೆ ಅರ್ಧಚಂದ್ರಾಕಾರದಲ್ಲಿ.

ವಿಚಿತ್ರವೆಂದರೆ ದೊಡ್ಡ ವೇದಿಕೆ ನಮಗೆ ಕಷ್ಟ ಕೊಟ್ಟಿಲ್ಲ. ಒಂದು ದಸರೆಯಲ್ಲಿ ಅರಮನೆಯ ಮುಂದಿನ ವೇದಿಕೆಯಲ್ಲಿ ಬೇರೆ ತಂಡಗಳೊಂದಿಗೆ ಸೇರಿ ಹಾಡುವ ಅವಕಾಶ ಬಂದಿತ್ತು. ಮಧ್ಯಾಹ್ನವೇ ಕರೆಸಿ ಅರ್ಧ ಗಂಟೆ ಸೌಂಡ್ ಪರೀಕ್ಷೆ ಮಾಡಿಸಿದರು. ನಮ್ಮ ಕಾಲ ಬುಡದಲ್ಲೇ ಮಾನಿಟರ್‌ಗಳಿದ್ದವು. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳ ಬೆಳಕು ಸುತ್ತಲಿದ್ದರೂ ನನಗೆ ನೆನಪಿರುವುದು ಎಡಗಡೆಯಿಂದ ಸ್ಪಷ್ಟವಾಗಿ ಬರುತ್ತಿದ್ದ ದಿನಸಿ ಅಂಗಡಿಯಣ್ಣನ ದನಿ. ಇನ್ನೊಂದು ವರ್ಷ ಚಿಕ್ಕ ಗಡಿಯಾರದ ಬಳಿ ಹಾಡಿದೆವು. ಪಕ್ಕದಲ್ಲೇ ದೇವರಾಜ ಮಾರುಕಟ್ಟೆ, ಆಟೋ ಹಾರನ್, ಹೂ ಮಾರುವವರ ಕೂಗು. ಅಲ್ಲಿಯೂ ಚೆನ್ನಾಗಿಯೇ ಆಯಿತು. ವೇದಿಕೆ ಚಿಕ್ಕದಿತ್ತು, ಒತ್ತಿಕೊಂಡು ನಿಲ್ಲಲೇಬೇಕಾಗಿತ್ತು.

ಇದೇ ಮೈಸೂರಿನಲ್ಲಿ 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ನಾಡಿಗೆ ಬಂದದ್ದು ಇಲ್ಲಿಂದ. ನಮ್ಮ ಹಿರಿಯಕ್ಕ ಚಿಕ್ಕವರಿದ್ದಾಗ ರೇಡಿಯೋ ಸ್ಟುಡಿಯೋದಲ್ಲಿ ಸಮೂಹಗಾನ ಹಾಡಿದವರು. ಒಂದೇ ಮೈಕಿನ ಸುತ್ತ ಎಲ್ಲರೂ ನಿಲ್ಲುತ್ತಿದ್ದರಂತೆ. ದನಿ ದೊಡ್ಡದಿದ್ದವರು ಎರಡು ಹೆಜ್ಜೆ ಹಿಂದೆ, ಸಣ್ಣದಿದ್ದವರು ಮುಂದೆ. ಈಗ ಪ್ರತಿಯೊಬ್ಬರ ಕೈಗೂ ಒಂದೊಂದು ಮೈಕ್ ಬಂದಿದೆ, ಯಾರು ಎಷ್ಟು ಕೇಳಿಸಬೇಕು ಎಂಬುದನ್ನು ಆ ದಿನವೇ ಮೊದಲ ಸಲ ನಮ್ಮನ್ನು ನೋಡಿದವರು ನಿರ್ಧರಿಸುತ್ತಾರೆ.

ನಾಡಗೀತೆಯ ವಿಷಯವನ್ನೂ ಹೇಳಬೇಕು, ನಮ್ಮನ್ನು ಅತಿ ಹೆಚ್ಚು ಸಲ ಕರೆಯುವುದು ಅದಕ್ಕೇ. ಕುವೆಂಪು ಅವರ ಕವಿತೆ 2004ರಲ್ಲಿ ಅಧಿಕೃತ ನಾಡಗೀತೆಯಾದರೂ ಧಾಟಿ ಮಾತ್ರ ಊರಿಗೊಂದು, ತಂಡಕ್ಕೊಂದು ಇತ್ತು. ನಾವು ಒಂದು ರೀತಿ ಎತ್ತಿಕೊಂಡರೆ ಸಭೆಯಲ್ಲಿ ಎದ್ದು ನಿಂತವರು ಇನ್ನೊಂದು ರೀತಿ ಸೇರುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದ ಎರಡೂವರೆ ನಿಮಿಷದ ಅವಧಿಯನ್ನು ನಿಗದಿ ಮಾಡಿತು. ಆಗ ಅನೇಕ ಗಾಯಕ ಮಿತ್ರರು ಬೇಸರಪಟ್ಟರು. ಅವರ ಬೇಸರ ನನಗೆ ತಿಳಿಯುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಧಾಟಿ ಒಂದೇ ಆದ ಮೇಲೆ ಸಭೆಯವರು ಹೆದರದೆ ದನಿಗೂಡಿಸುತ್ತಿದ್ದಾರೆ. ಮದ್ದೂರಿನ ಒಂದು ಶಾಲೆಯಲ್ಲಿ ನಾನೂರು ಮಕ್ಕಳು ನಮ್ಮೊಂದಿಗೆ ಹಾಡಿದರು. ನಮ್ಮ ಏಳು ದನಿ ಅದರಲ್ಲಿ ಕರಗಿಹೋದ ಆ ಎರಡೂವರೆ ನಿಮಿಷವನ್ನು ನಾನು ಯಾವ ಸನ್ಮಾನಕ್ಕೂ ಬದಲಾಯಿಸುವುದಿಲ್ಲ. ಆದರೆ ಸಂಘಟಕರೇ, ಏಳು ಜನರಿಗೆ ಎರಡು ಮೈಕ್ ಕೊಟ್ಟು, ಶ್ರುತಿ ಹಿಡಿಯುವ ಮೊದಲೇ "ಶುರು ಮಾಡಿ, ಅತಿಥಿಗಳಿಗೆ ತಡವಾಗುತ್ತಿದೆ" ಎನ್ನಬೇಡಿ. ಶ್ರುತಿಗೆ ಹತ್ತು ಸೆಕೆಂಡು ಸಾಕು.

ಸಂಭಾವನೆಯ ಬಗ್ಗೆ ಹೆಚ್ಚು ಎಳೆಯುವುದಿಲ್ಲ. ಒಂದು ಲಕೋಟೆ, ಒಂದು ಶಾಲು, ಒಂದು ಹಾರ, ಒಂಬತ್ತು ಜನರಿಗೆ. "ಗುಂಪು ತಾನೆ, ಹಂಚಿಕೊಳ್ಳಿ" ಎನ್ನುತ್ತಾರೆ. ಡೀಸೆಲ್, ಗಣಂಗೂರಿನ ಟೋಲ್ ಕಳೆದು ಹಂಚಿಕೊಂಡರೆ ಬಟ್ಟೆ ಹೊಲಿಯುವ ನಮ್ಮ ಗೆಳತಿಗೆ ಅಂದು ಬಿಟ್ಟು ಬಂದ ಎರಡು ರವಿಕೆಯ ಕೂಲಿಯೂ ಹುಟ್ಟುವುದಿಲ್ಲ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲವಾದ್ದರಿಂದ, ಕೆಲಸ ಮುಗಿಸಿ ಹಿಂದಿನಿಂದ ಹೊರಡುವ ನಮ್ಮ ತಬಲಾದವರು ಬೈಕಿಗೆ ತಬಲಾ ಕಟ್ಟಿಕೊಂಡು ಸರ್ವಿಸ್ ರಸ್ತೆಯಲ್ಲಿ ಬರುತ್ತಾರೆ. ಒಂದು ಸಂಘಟನೆ ಹಣ ಕೊಡಲು ಎಂಟು ತಿಂಗಳು ತೆಗೆದುಕೊಂಡಿತು. ಸಲ್ಲಬೇಕಾದ್ದನ್ನು ತಲೆ ಎಣಿಸಿ, ಅಂದೇ ಕೊಡಿ. ಶಾಲು ಬೇಡ.

ಇನ್ನೊಂದು, ಹಾಡುವ ಸಮಯ. ಧ್ವನಿವರ್ಧಕವನ್ನು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಳಸಬಾರದು ಎಂಬ ನಿಯಮ 2000ದಿಂದ ಇದೆ. ಒಳ್ಳೆಯ ನಿಯಮ, ಮಲಗುವ ಮಕ್ಕಳು, ಕಾಯಿಲೆಯವರು ಇರುತ್ತಾರೆ. ಆದರೆ ಆರು ಗಂಟೆಯ ಕಾರ್ಯಕ್ರಮದಲ್ಲಿ ಭಾಷಣಗಳೆಲ್ಲ ಮುಗಿದು ನಮ್ಮನ್ನು ಕರೆಯುವುದು ಒಂಬತ್ತೂ ಇಪ್ಪತ್ತಕ್ಕೆ. ತಿಂಗಳಿಡೀ ಕಲಿತ ಹತ್ತು ಹಾಡುಗಳಲ್ಲಿ ಮೂರು ಹಾಡುತ್ತೇವೆ, ಉಳಿದವು ಚೀಲಕ್ಕೆ ಹಿಂದಿರುಗುತ್ತವೆ.

ಈಚೆಗೆ ಹಲವರು, "ಟ್ರ್ಯಾಕ್ ಹಾಕಿಕೊಂಡು ಹಾಡಿ ಮೇಡಂ, ಖರ್ಚು ಕಡಿಮೆಯಾಗುತ್ತದೆ" ಎನ್ನುತ್ತಾರೆ; ಟ್ರ್ಯಾಕ್ ಎಂದರೆ ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತ. ಅವರ ಕಷ್ಟ ಇರಬಹುದು. ನಾವು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಟ್ರ್ಯಾಕಿಗೆ ಕಿವಿ ಇಲ್ಲ. ಏಕೆ ಹೀಗೆ ಹೇಳುತ್ತೇನೆಂದರೆ, ಎರಡು ವರ್ಷದ ಹಿಂದೆ ಪಾಂಡವಪುರದ ಕಡೆಯ ಒಂದು ಹಳ್ಳಿಗೆ ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿದ್ದೆವು. ತೀರಿಕೊಂಡವರು ತತ್ವಪದಗಳನ್ನು ಹಾಡುತ್ತಿದ್ದ ಮೇಷ್ಟ್ರು. ಮಗಳು ಫೋನು ಮಾಡಿ, "ಅಪ್ಪ ಹಾಡುತ್ತಿದ್ದ ಪದಗಳನ್ನೇ ಹಾಡಿಬಿಡಿ ಅಕ್ಕ, ಮೈಕ್ ಏನೂ ಇಲ್ಲ" ಎಂದಿದ್ದರು. ನಡುಮನೆಯಲ್ಲಿ ಜಮಖಾನದ ಮೇಲೆ, ಅವರ ಫೋಟೊದ ಮುಂದೆ ಕುಳಿತೆವು. ಒಂದು ಖಂಜಿರ, ಒಂದು ಜೊತೆ ತಾಳ, ಹಾರ್ಮೋನಿಯಂ. ಎರಡನೆಯ ಪದಕ್ಕೆ, ಅಷ್ಟು ಹೊತ್ತು ಕಂಬಕ್ಕೆ ಒರಗಿ ಸುಮ್ಮನಿದ್ದ ಮೇಷ್ಟ್ರ ಹೆಂಡತಿ ಸೊಲ್ಲು ಹಿಡಿದರು. ಬಹಳ ತಗ್ಗಿನ ದನಿ, ನಮ್ಮ ಶ್ರುತಿಗೆ ಸೇರುತ್ತಿರಲಿಲ್ಲ. ಯಾರೂ ಯಾರಿಗೂ ಕಣ್ಸನ್ನೆ ಮಾಡಲಿಲ್ಲ. ಪಲ್ಲವಿ ಮುಗಿಯುವಷ್ಟರಲ್ಲಿ ಹಾರ್ಮೋನಿಯಂ ಎರಡು ಮನೆ ಕೆಳಗಿಳಿದಿತ್ತು, ಖಂಜಿರ ನಿಧಾನವಾಗಿತ್ತು, ನಾವೆಲ್ಲರೂ ಆ ಅಮ್ಮನ ಹಿಂದೆ ಬಂದಿದ್ದೆವು. ಅವರು ಐದು ನುಡಿಯನ್ನೂ ಹೇಳಿದರು. ಮೂರನೆಯ ನುಡಿ ನಮಗೆ ಗೊತ್ತೇ ಇರಲಿಲ್ಲ, ಅವರಿಂದಲೇ ಕೇಳಿ ಸೊಲ್ಲು ಸೇರಿಸಿದೆವು. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅವರು ಇದನ್ನು ಇನ್ನೂ ಸ್ವಲ್ಪ ಎಳೆದು ಹೇಳುತ್ತಿದ್ದರು" ಎಂದರು. ಇನ್ನೊಮ್ಮೆ ಎಳೆದು ಹಾಡಿದೆವು.

ಹದಿನಾಲ್ಕು ವರ್ಷಗಳಲ್ಲಿ ನಾವು ಅತ್ಯಂತ ಚೆನ್ನಾಗಿ ಹಾಡಿದ್ದು ಅಂದು ಎಂದು ಏಳು ಜನರೂ ಒಪ್ಪುತ್ತೇವೆ.

ಆದ್ದರಿಂದ ನಮ್ಮನ್ನು ಮಾತ್ರವಲ್ಲ, ಯಾವ ಹಾಡುವ ಗುಂಪನ್ನಾದರೂ ಕರೆಯುವವರಲ್ಲಿ ಕೇಳಿಕೊಳ್ಳುತ್ತೇನೆ. ನಮ್ಮನ್ನು ಹತ್ತಿರ ಹತ್ತಿರ ಕೂರಲು ಬಿಡಿ. ನಮ್ಮ ಕಡೆಗೆ ಒಂದು ಸ್ಪೀಕರ್ ತಿರುಗಿಸಿ. ಜನ ಬರುವ ಮೊದಲು ಹದಿನೈದು ನಿಮಿಷ ವೇದಿಕೆ ಕೊಡಿ. ನಲವತ್ತು, ಐವತ್ತು ಜನರಿರುವ ಮನೆಯ ಕಾರ್ಯವಾದರೆ ಮೈಕೇ ಬೇಡ. ಮೈಕ್ ಬೇಕೇ ಬೇಕಾದ ಕಡೆ, ಸೌಂಡಿನವರ ಮೊಬೈಲ್ ಸಂಖ್ಯೆಯನ್ನು ಹಿಂದಿನ ದಿನವೇ ಕಳುಹಿಸಿಕೊಡಿ. ಮಿಕ್ಕಿದ್ದನ್ನು ನಾವೇ ಅವರೊಂದಿಗೆ ಕುಳಿತು ಮಾತನಾಡಿಕೊಳ್ಳುತ್ತೇವೆ.