‘ಪ್ರಿ’ ಇದ್ದ ಮಾತ್ರಕ್ಕೆ ‘ಮೊದಲು’ ಅಂತಲ್ಲ

ಇಂಗ್ಲಿಷ್ ಕಲಿಯುವವರ ನಡುವೆ ಒಂದು ಸಂದೇಶ ಓಡಾಡುತ್ತಿದೆ: ಪಿ-ಆರ್-ಇ ಅಕ್ಷರಗಳಿಂದ ಶುರುವಾದ ಪದಕ್ಕೆಲ್ಲ ‘ಮೊದಲು’ ಎಂಬ ಅರ್ಥ, ‘ಆಂಟಿ’ ಇದ್ದರೆ ‘ವಿರುದ್ಧ’, ಇಷ್ಟು ಗೊತ್ತಿದ್ದರೆ ಡಿಕ್ಷನರಿಯೇ ಬೇಡ. ಇದರಲ್ಲಿ ಅರ್ಧ ಸರಿ, ಅರ್ಧ ತಪ್ಪು.

ಪ್ರಿವ್ಯೂ, ಪ್ರಿಪೇಯ್ಡ್, ಪ್ರಿಡಿಕ್ಟ್ ಪದಗಳಲ್ಲಿ ಲ್ಯಾಟಿನ್ ಮೂಲದ ‘ಪ್ರಿ’ ನಿಜವಾಗಿಯೂ ಇದೆ. ಪ್ರಿಡಿಕ್ಟ್ ಅಂದರೆ ಮೊದಲೇ ಹೇಳುವುದು. ಪದದ ಮೊದಲಿಗೆ ಸೇರುವ ಇಂಥ ತುಂಡಿಗೆ ಹೇಳುವ ಪ್ರಿಫಿಕ್ಸ್ ಪದದಲ್ಲೂ ಅದೇ ಕೂತಿದೆ ನೋಡಿ. ಆದರೆ ಪ್ರೆಸ್ ಬಂದಿದ್ದು ‘ಒತ್ತು’ ಎಂಬ ಲ್ಯಾಟಿನ್ ಪದದಿಂದ. ಪ್ರೆಶಸ್‌ನ ಮೂಲ ‘ಬೆಲೆ’. ಪ್ರಿಟಿ ಅಂತೂ ಹಳೆ ಇಂಗ್ಲಿಷಿನದೇ ಪದ. ಆಗ ಅದರ ಅರ್ಥ ‘ಕಪಟಿ, ಚಾಲಾಕಿ’. ಹೊಗಳಿಕೆ ಆಗಿದ್ದು ಆಮೇಲೆ!

ಜಾಸ್ತಿ ಎಡವುವುದು ‘ಆಂಟಿ’ಯಲ್ಲಿ. ಈ ತುಂಡಿನ ಕೊನೆಗೆ ಇಂಗ್ಲಿಷಿನ ‘ಇ’ (e) ಅಕ್ಷರ ಇದ್ದರೆ ಅದು ಲ್ಯಾಟಿನ್ನಿನ ‘ಮೊದಲು’. ಗಡಿಯಾರದ ಎ.ಎಂ. ಇದೇ: ಆಂಟೆ ಮೆರಿಡಿಯೆಮ್, ಮಧ್ಯಾಹ್ನಕ್ಕೆ ಮೊದಲು. ಕೊನೆಗೆ ‘ಐ’ (i) ಇದ್ದರೆ ಸಾಮಾನ್ಯವಾಗಿ ಗ್ರೀಕಿನ ‘ವಿರುದ್ಧ’, ಆಂಟಿಬಯೋಟಿಕ್‌ನಲ್ಲಿ ಇರುವ ಹಾಗೆ. ಇಲ್ಲೂ ಒಂದು ಗುಂಡಿ ಇದೆ. ಆಂಟಿಸಿಪೇಟ್ ಬರೆಯುವುದು ‘ಐ’ ಹಾಕಿಯೇ, ಆದರೆ ಅಲ್ಲಿರುವುದು ‘ಮೊದಲು’. ಮೊದಲೇ ಹಿಡಿದುಕೊಳ್ಳುವುದು ಎಂಬುದು ಅದರ ಮೂಲ ಅರ್ಥ. ಆಂಟೀಕ್ ಕೂಡ ಇದೇ ಮನೆತನದ್ದು.

ಮೊದಲ ಅಕ್ಷರಗಳನ್ನು ತೆಗೆದು ಉಳಿದದ್ದು ಪದವೇ ಅಂತ ನೋಡಿ ಎನ್ನುವವರೂ ಇದ್ದಾರೆ. ‘ವ್ಯೂ’ ಉಳಿಯುತ್ತದೆ, ಸರಿ. ಆದರೆ ‘ಡಿಕ್ಟ್’ ಒಂಟಿಯಾಗಿ ಬಳಕೆಯಲ್ಲೇ ಇಲ್ಲ ಅಲ್ವಾ? ಆದರೂ ಪ್ರಿಡಿಕ್ಟ್‌ನಲ್ಲಿರುವುದು ನಿಜವಾದ ‘ಪ್ರಿ’ಯೇ. ಅನುಮಾನ ಬಂದರೆ ಡಿಕ್ಷನರಿ ತೆರೆಯಿರಿ. ಒಳ್ಳೆಯ ಡಿಕ್ಷನರಿಗಳಲ್ಲಿ ಅರ್ಥದ ಜೊತೆ ಪದದ ಮೂಲವನ್ನೂ ಕೊಟ್ಟಿರುತ್ತಾರೆ.