ಯಾರೂ ನೆಟ್ ಹಚ್ಚಬ್ಯಾಡ್ರಿ, ಟೆಸ್ಟ್ ನಡದದ!

ಲೈಟ್ ಬಿಲ್ ಕಟ್ಟುತ್ತಾ ಕೂತಿದ್ದೆ. ಒಟಿಪಿ ಬಂತು, ಹಾಕಿದೆ, ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಅಷ್ಟರಲ್ಲಿ ಬೆಡ್‌ರೂಮಿನಿಂದ ನಮ್ಮವರು ಕೂಗಿದರು, “ಯಾರೂ ನೆಟ್ ಹಚ್ಚಬ್ಯಾಡ್ರಿ, ಟೆಸ್ಟ್ ನಡದದ!” ಬರೀ ಕೂಗಿದ್ದರೆ ಸುಮ್ನಿರುತ್ತಿದ್ದೆ. ಹೊಸ ರೌಟರ್ ಜೊತೆ ಒಂದು ಆ್ಯಪ್ ಬಂದಿದೆ. ಅದರಲ್ಲಿ ಮನೆಯ ಎಲ್ಲರ ಫೋನೂ ಹೆಸರಿನ ಸಮೇತ ಕಾಣುತ್ತದೆ, ಬೆರಳಿಟ್ಟರೆ ಆ ಫೋನಿಗೆ ನೆಟ್ ಬಂದ್. ಮಹಾನುಭಾವರು ನನ್ನ ಹೆಸರಿನ ಮೇಲೆ ಬೆರಳಿಟ್ಟಿದ್ದರು. ಖಾತೆಯಿಂದ ದುಡ್ಡು ಹೋಗಿದೆ, ಬಿಲ್ ಮಾತ್ರ ಬಾಕಿ ಅಂತಲೇ ತೋರಿಸುತ್ತಿದೆ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದರೆ ಒಳಗಿನಿಂದ ಖುಷಿಯ ಸುದ್ದಿ, “ನೋಡಿಲ್ಲೆ, ಸ್ಪೀಡ್ 180 ಬಂತು!”

ಬರದೇ ಏನು? ಮನೆಮಂದಿಯೆಲ್ಲ ಕೈಕಟ್ಟಿ ಕೂತರೆ ಸ್ಪೀಡ್ ಬರಲೇಬೇಕು. ನಮ್ಮ ಮನೆಯಲ್ಲಿ ಈಗ ನೆಟ್ ಭರ್ಜರಿಯಾಗಿದೆ. ಅದನ್ನು ಬಳಸುವುದಕ್ಕಷ್ಟೇ ಪುರುಸೊತ್ತಿಲ್ಲ, ಯಾವಾಗ ನೋಡಿದರೂ ಅಳೆಯುತ್ತಿರುತ್ತಾರೆ.

ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಒಂದು ವನ್ ಬಿಎಚ್‌ಕೆ. ಹಾಲಿನಲ್ಲಿ ಸೀನಿದರೆ ಅಡುಗೆಮನೆಯಲ್ಲಿ ಇದ್ದವರು ‘ಶತಾಯುಷ್ಯ’ ಅನ್ನುವಷ್ಟು ಜಾಗ. ಇಂಥ ಮನೆಗೆ ಹಳೇ ರೌಟರ್ರೇ ಸಾಕಾಗಿತ್ತು. ಆದರೆ ಇವರ ಆಫೀಸಿನ ಮೀಟಿಂಗಿನಲ್ಲಿ ಯಾರೋ “ಸರ್, ನಿಮ್ಮ ದನಿ ಕಟ್ ಕಟ್ ಆಗ್ತಿದೆ” ಅಂದರಂತೆ. ಇಪ್ಪತ್ತೈದು ವರ್ಷದಿಂದ ನಾನು ಹೇಳಿದ್ದು ಇವರಿಗೆ ಕಟ್ ಕಟ್ ಆಗಿಯೇ ಕೇಳುತ್ತಿದೆ, ಅದಕ್ಕೆ ಯಾರೂ ಏನೂ ತಂದುಕೊಡಲಿಲ್ಲ. ಇರಲಿ.

ಹೊಸ ಕನೆಕ್ಷನ್ ಕೊಡೋಕೆ ಹುಡುಗ ಬಂದ. ಎದುರು ಬಿಲ್ಡಿಂಗಿನ ಟೆರೇಸಿನಿಂದ ನಮ್ಮ ಟೆರೇಸಿಗೆ ಎಳೆದು, ಡಕ್ಟಿನಲ್ಲಿ ಇಳಿಸಿ, ಬಾಗಿಲ ಮೇಲೆ ಡ್ರಿಲ್ ಹೊಡೆದು ವೈರು ಒಳಗೆ ತಂದ. “ಕಿಧರ್ ಲಗಾನಾ ಹೈ?” ಅಂತ ಕೇಳಿದ. ನಾವು ಉತ್ತರ ಯೋಚಿಸುವಷ್ಟರಲ್ಲಿ ವೈರು ಎಲ್ಲಿ ಮುಗಿಯಿತೋ ಅಲ್ಲೇ ಕೂರಿಸಿಯೂ ಬಿಟ್ಟ. ಚಪ್ಪಲಿ ಸ್ಟ್ಯಾಂಡಿನ ಮೇಲೆ. ತನ್ನ ಫೋನನ್ನು ರೌಟರಿನ ಮೂಗಿಗೆ ತಾಗುವಂತೆ ಹಿಡಿದು ಟೆಸ್ಟ್ ಮಾಡಿದ. 200 ಬಂತು. ಸ್ಕ್ರೀನ್‌ಶಾಟ್ ತೆಗೆದು ಆಫೀಸಿಗೆ ಕಳಿಸಿದ, ಒಟಿಪಿ ಕೇಳಿದ, ಫೈವ್ ಸ್ಟಾರ್ ಕೇಳಿದ, ಹೋದ. ಅತ್ತೆ ಎಲ್ಲಾ ನೋಡುತ್ತಾ ಕೂತವರು ಒಂದೇ ಮಾತು ಅಂದರು. “ಮನ್ಯಾಗಿನ ಮಂದಿಗಿಂತ ಚಪ್ಪಲಿಗೇ ಚಲೋ ನೆಟ್ ಬಂತಲ್ಲ.”

ನಿಜವೂ ಹಾಗೇ ಆಯಿತು. ಹೊಸ ರೌಟರಿನಲ್ಲಿ ಎರಡು ಬಗೆಯ ಸಿಗ್ನಲ್ ಇದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 5 ಇದೆಯಲ್ಲ, ಅದು ಬಲು ಚುರುಕು, ಆದರೆ ಗೋಡೆ ಅಡ್ಡ ಬಂದರೆ ಸೋತು ಬಿಡುತ್ತದೆ. 2.4 ನಿಧಾನ, ಆದರೆ ಗೋಡೆ ದಾಟಿ ಒಳಕ್ಕೆ ಬರುತ್ತದೆ. ಹೀಗಾಗಿ ಭರ್ಜರಿ ಸ್ಪೀಡು ಬಾಗಿಲ ಹತ್ತಿರ ಮತ್ತು ಹೊರಗೆ ಲಿಫ್ಟಿನ ಮುಂದೆ. ಪಕ್ಕದ ಮನೆಯ ಹುಡುಗ ಮೆಟ್ಟಿಲ ಮೇಲೆ ಕೂತು ಓದುವುದನ್ನು ಯಾಕೆ ಇದ್ದಕ್ಕಿದ್ದಂತೆ ಶುರು ಮಾಡಿದ ಅಂತ ನನಗೆ ಆಮೇಲೆ ಹೊಳೆಯಿತು. ಪಾಸ್‌ವರ್ಡು ನಮ್ಮ ಮಗಳೇ ಕೊಟ್ಟಿದ್ದಳು.

ಅಲ್ಲಿಂದ ನಮ್ಮವರ ಸಂಶೋಧನೆ ಆರಂಭ. ನಮ್ಮ ಕಡೆ ಬೋರ್‌ವೆಲ್ ಹಾಕಿಸುವ ಮೊದಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ತಿರುಗುವವರನ್ನು ನೋಡಿದ್ದೀರಲ್ಲ, ಹಾಗೆ ಫೋನನ್ನು ಅಂಗೈ ಮೇಲೆ ಮಲಗಿಸಿಕೊಂಡು ಮನೆ ತುಂಬ ನಿಧಾನಕ್ಕೆ ಹೆಜ್ಜೆ ಹಾಕಿದರು. ಸೋಫಾ ಹತ್ತಿರ ನಿಂತರು. ಫ್ರಿಜ್ಜಿನ ಪಕ್ಕ ನಿಂತರು. ಬಾತ್‌ರೂಮಿಗೂ ಹೋಗಿ ಬಾಗಿಲು ಹಾಕಿಕೊಂಡು ಒಳಗಿನಿಂದ ಸಂಖ್ಯೆ ಕೂಗಿದರು, ನಾನು ಬರೆದುಕೊಳ್ಳಬೇಕು. ಎಲ್ಲಿ ಬರೆಯೋದು? ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ. ಅದರಲ್ಲಿ ದಿನದ ಮನೆಯೊಳಗೆ ಹಾಲಿನ ಲೆಕ್ಕ, ಇಸ್ತ್ರಿಯ ಲೆಕ್ಕ ಬರೆಯುತ್ತಾ ಬಂದಿದ್ದೇನೆ. ತಿಂಗಳ ಕೊನೆಗೆ ಇಸ್ತ್ರಿಯವ ಬಂದು ನಿಂತಾಗ ನೋಡಿದರೆ ಒಂದು ಗುರುವಾರದ ಮನೆಯಲ್ಲಿ 41 ಅಂತ ಇದೆ. 41 ಬಟ್ಟೆಯೋ, ಗ್ಯಾಲರಿಯ ಸ್ಪೀಡೋ? ಅವನು ಮಾತ್ರ ಬಟ್ಟೆಯೇ ಅಂತ ಗಟ್ಟಿಯಾಗಿ ಹೇಳಿದ.

ಮೈಕ್ರೊವೇವಿನ ಕಥೆ ಬೇರೆ. ಅದೂ ಹೆಚ್ಚುಕಡಿಮೆ ಇದೇ 2.4ರಲ್ಲೇ, ಸರಿಯಾಗಿ ಹೇಳಬೇಕೆಂದರೆ 2.45ರಲ್ಲಿ ಕೆಲಸ ಮಾಡುತ್ತದೆ. ಡಬ್ಬಿಯಿಂದ ಒಂಚೂರು ಸೋರಿದರೂ ಪಕ್ಕದಲ್ಲಿರುವ ವೈಫೈಗೆ ಕಿರಿಕಿರಿ. ಅದನ್ನು ಎಲ್ಲೋ ಓದಿದ್ದೇ ಓದಿದ್ದು, ಭಾನುವಾರ ಬೆಳಗ್ಗೆ ಒಂದು ಕಪ್ಪು ನೀರು ಒಳಗಿಟ್ಟು ಟೆಸ್ಟಿಗೆ ನಿಂತರು. ಹಚ್ಚಿದರೆ ಸ್ಪೀಡ್ ಇಳಿಯಿತು, ಬಂದ್ ಮಾಡಿದರೆ ಏರಿತು. ಮತ್ತೆ ಹಚ್ಚಿದರು. ನೀರು ಕೊತಕೊತ ಕುದಿಯಿತು. ಅತ್ತೆ “ಕುದ್ದೇ ಕುದ್ದದ, ಒಂದಿಷ್ಟು ಚಾ ಪುಡಿ ಹಾಕು” ಅಂದರೆ, “ಮುಟ್ಟಬ್ಯಾಡ ಅವ್ವಾ, ಅದು ಟೆಸ್ಟಿನ ನೀರು” ಅಂದರು. ಹತ್ತು ಗಂಟೆಯಾದರೂ ಮನೆಯಲ್ಲಿ ಯಾರಿಗೂ ಚಹಾ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ. ಮನುಷ್ಯರ ಮೈಯಲ್ಲಿ ನೀರೇ ಜಾಸ್ತಿಯಂತೆ, ಆ ನೀರು ವೈಫೈಯನ್ನು ಹೀರುತ್ತದಂತೆ. ಆದ್ದರಿಂದ ಮುಂದಿನ ಟೆಸ್ಟಿಗೆ ಮನುಷ್ಯರು ಬೇಕಾದರು. “ನೀ ಸ್ವಲ್ಪ ನಡುವ ನಿಂದ್ರು” ಅಂದರು. ಕೈಯಲ್ಲಿ ಚಪಾತಿ ಹಿಟ್ಟು ಹಾಗೇ ಇತ್ತು. ಹೋಗಿ ರೌಟರಿಗೂ ಇವರಿಗೂ ಮಧ್ಯೆ ನಿಂತೆ. ಇವರು ಕುರ್ಚಿಯಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಫೋನು ನೋಡಿದರು. “ಸರಿ.” ಸರಿದೆ. “ನಿಲ್ಲು.” ನಿಂತೆ. ಆಮೇಲೆ ಬಹಳ ಗಂಭೀರವಾಗಿ ಹೇಳಿದರು, “ನೀ ಇಲ್ಲದಾಗ 62. ನೀ ನಿಂತ್ರ 48. ನಿನ್ನಿಂದ 14 ಹೋಗ್ತದ.”

ನಾನು ಮಾತಾಡಲಿಲ್ಲ. ಅತ್ತೆಯನ್ನು ಕರೆದು ನಿಲ್ಲಿಸಿದರು. ಅತ್ತೆ ಸೆರಗು ಸರಿಮಾಡಿಕೊಂಡು ಫೋಟೋಗೆ ನಿಂತವರಂತೆ ನಿಂತರು. “ಅವ್ವ ನಿಂತ್ರ ಬರೇ 6!” ಅತ್ತೆಯ ಮುಖ ನೋಡಬೇಕಿತ್ತು. ಮೊಮ್ಮಗಳಿಗೆ ಹತ್ತರಲ್ಲಿ ತೊಂಬತ್ತೆರಡು ಪರ್ಸೆಂಟ್ ಬಂದಾಗಲೂ ಅಷ್ಟು ಹಿಗ್ಗಿರಲಿಲ್ಲ. ಮಗಳನ್ನು ಕರೆದರೆ ಅವಳು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು, ಜಾಣೆ. “ಅಲ್ರೀ, ನಿಮ್ಮಿಂದ ಎಷ್ಟು ಹೋಗ್ತದ ಅನ್ನೋದೂ ನೋಡೂಣು ಬರ್ರಿ” ಅಂದೆ. “ನಾ ನಡುವ ನಿಂತ್ರ ಅಳಿಯೋರು ಯಾರು?” ಅಂತ ಉತ್ತರ ಬಂತು. ಅವತ್ತಿನಿಂದ ಅತ್ತೆ ಹುಬ್ಬಳ್ಳಿಯಿಂದ ಯಾರ ಫೋನು ಬಂದರೂ ಹೇಳುತ್ತಾರೆ, “ನಾ ನಿಂತ್ರ ಬರೇ ಆರು ಹೋಗ್ತದಂತ, ಇಕಿ ನಿಂತ್ರ ಹದಿನಾಕು.” ಏನು ಹೋಗುತ್ತದೆ ಅಂತ ಆ ಕಡೆಯವರಿಗೂ ತಿಳಿಯದು, ಈ ಕಡೆಯವರಿಗೂ ತಿಳಿಯದು. ಆದರೂ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ನಾನು ಇನ್ನೊಂದು ಚಪಾತಿಗೆ ಕೈ ಹಾಕಿದರೆ ಇವರು ಏನೂ ಅನ್ನುವುದಿಲ್ಲ. ಸುಮ್ನೆ ಒಮ್ಮೆ ರೌಟರಿನ ಕಡೆ ನೋಡುತ್ತಾರೆ.

ಆಮೇಲೆ ಅನುಮಾನ ನೆರೆಹೊರೆಯವರ ಮೇಲೆ ಹೊರಳಿತು. ಈ ಬಿಲ್ಡಿಂಗಿನಲ್ಲಿ ಮನೆಗೊಂದು ವೈಫೈ, ಎಲ್ಲಾ ಇದೇ 2.4ರಲ್ಲಿ. ಅದರೊಳಗೆ ಒಂದಕ್ಕೊಂದು ತಾಗದ ಚಾನೆಲ್ಲುಗಳು, ಅಂದರೆ ಸಿಗ್ನಲ್ ಓಡಾಡುವ ದಾರಿಗಳು, 1, 6, 11, ಅಷ್ಟೇ. ಮುಂಬೈಯ ವಿರಾರ್ ಲೋಕಲ್ ರೈಲಿನಲ್ಲಿ ಸೀಟಿಗೆ ಜನ ಎಷ್ಟೋ ಅಷ್ಟೇ ಪೈಪೋಟಿ. ಯಾವುದೋ ಆ್ಯಪ್ ಹಾಕಿಕೊಂಡು ಯಾರು ಯಾವ ಚಾನೆಲ್ಲಿನಲ್ಲಿದ್ದಾರೆ ಅಂತ ಪತ್ತೆ ಹಚ್ಚಿದರು. ನಾವು 11ಕ್ಕೆ ಹೋದೆವು. ಮರುದಿನ ಬೆಳಗ್ಗೆ ನೋಡಿದರೆ ಮೂರನೇ ಮಹಡಿಯವರೂ 11ಕ್ಕೆ ಬಂದಿದ್ದಾರೆ. ರೌಟರ್ ಆಟೋದಲ್ಲಿದ್ದರೆ ಖಾಲಿ ಕಂಡ ಕಡೆ ಅದೇ ಹೋಗುತ್ತದೆ ಅಂತ ಮಗಳು ಹೇಳಿದಳು. ಇವರಿಗೆ ಅದು ಸುತಾರಾಂ ಒಪ್ಪಿಗೆಯಾಗಲಿಲ್ಲ. ಪಾರ್ಕಿಂಗ್ ಜಗಳದ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಅಂತಲೇ ಇವರ ನಂಬಿಕೆ. ಸೊಸೈಟಿ ಸೆಕ್ರೆಟರಿಗೆ ದೂರು ಕೊಟ್ಟರೆ ಅವರು ಪಾಪ, “ಅಹೋ, ತೇ ಹವೇತ ಆಹೇ ನಾ” ಅಂದರು. ಗಾಳಿಯಲ್ಲಿ ಇರೋದಕ್ಕೆ ಸೊಸೈಟಿ ಏನು ಮಾಡೀತು? ಅದೂ ಅಲ್ಲದೆ 2005ರಲ್ಲೇ ಸರ್ಕಾರ ಈ 2.4ರ ತರಂಗಗಳಿಗೆ ಲೈಸೆನ್ಸ್ ಬೇಡ ಅಂತ ಬಿಟ್ಟುಕೊಟ್ಟಿದೆ. ವೈಫೈ, ಬ್ಲೂಟೂತು, ನನ್ನ ಉಪ್ಪಿಟ್ಟು ಬಿಸಿ ಮಾಡುವ ಡಬ್ಬಿ, ಎಲ್ಲರೂ ಅಲ್ಲೇ.

ಇದರ ನಡುವೆ ಪಾಸ್‌ವರ್ಡು ಬದಲಾಯಿತು. ಟಿವಿಗೆ ಹೊಸದನ್ನು ಹಾಕುವ ಕೆಲಸ ನನ್ನದು. ರಿಮೋಟಿನ ಬಾಣದ ಗುಂಡಿ ಒತ್ತಿ ಒತ್ತಿ ಒಂದೊಂದೇ ಅಕ್ಷರಕ್ಕೆ ಹೋಗಬೇಕು, ದೊಡ್ಡ ಅಕ್ಷರಕ್ಕೆ ಬೇರೆ ಕಡೆ, ಡಾಲರ್ ಚಿಹ್ನೆಗೆ ಇನ್ನೊಂದು ಪುಟ. ಹಾಕಿದ್ದೆಲ್ಲ ಚುಕ್ಕಿಯಾಗಿ ಕಾಣುತ್ತದೆ. ಅತ್ತೆಯ ಧಾರಾವಾಹಿ ಅಷ್ಟರಲ್ಲಿ ಮುಗಿದಿರುತ್ತದೆ. ಆ ಸಿಟ್ಟೂ ನನ್ನ ಮೇಲೆ.

ಮೊನ್ನೆ ಕೂತು ನೋಡುತ್ತಿದ್ದಾಗ ಒಂದು ನೆನಪಾಯಿತು. ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸತರಲ್ಲಿ ಮನೆಯಲ್ಲಿ ಫೋನಿರಲಿಲ್ಲ. ರಾತ್ರಿ 11ರ ಮೇಲೆ ಬೇರೆ ಊರಿಗೆ ಮಾಡುವ ಎಸ್‌ಟಿಡಿ ಫೋನಿನ ದರ ಕಾಲುಭಾಗಕ್ಕೆ ಇಳಿಯುತ್ತಿತ್ತಲ್ಲ, ಆಗ ಸ್ಟೇಷನ್ ಹತ್ತಿರದ ಬೂತಿನಲ್ಲಿ ಕ್ಯೂ ನಿಲ್ಲುತ್ತಿದ್ದೆವು. ಹುಬ್ಬಳ್ಳಿಯಲ್ಲಿ ಫೋನು ಪಕ್ಕದ ಮನೆಯಲ್ಲಿ. ಅವರು ಎದ್ದು ಹೋಗಿ ಅತ್ತೆಯನ್ನು ಕರೆತರುವವರೆಗೆ ಬಿಲ್ ತೋರಿಸುವ ಡಬ್ಬಿಯ ಮೇಲೆ ಕೆಂಪು ಅಂಕಿಗಳು ಏರುತ್ತಲೇ ಇರುತ್ತಿದ್ದವು. ಇವರು ಕಣ್ಣನ್ನು ಆ ಅಂಕಿಯಿಂದ ತೆಗೆಯದೆ “ಅವ್ವಾ, ಆರಾಮ ಇದ್ದೀ?” ಅನ್ನುತ್ತಿದ್ದರು. ಆ ಕಡೆಯಿಂದ “ಹ್ಞೂಂ, ನೀ?” ಅಷ್ಟರಲ್ಲಿ ಇವರಿಗೆ ಗಾಬರಿ, ಇಡುತ್ತಿದ್ದರು. ಆಗ ಅಂಕಿ ಏರಿದರೆ ಸಂಕಟ, ಈಗ ಇಳಿದರೆ ಸಂಕಟ. ಅತ್ತೆ ಈಗ ಇದೇ ಮನೆಯಲ್ಲಿ, ಅದೇ ಹಾಲಿನಲ್ಲಿ ಕೂತಿರುತ್ತಾರೆ. “ಬಿಪಿ ಗುಳಿಗಿ ಮುಗದಾವ ನೋಡಪ್ಪಾ” ಅನ್ನುತ್ತಾರೆ. ಇವರು ಕಣ್ಣೆತ್ತದೆ, “ತಡೀ ಅವ್ವಾ, ಅಪ್‌ಲೋಡ್ ನಡದದ.” ಗುಳಿಗೆ ನಾನೇ ತಂದೆ.

ಕೊನೆಗೆ ಅಪರಾಧಿ ಸಿಕ್ಕಿತು. ಬೆಡ್‌ರೂಮಿನ ಕಬ್ಬಿಣದ ಕಪಾಟು. ಕಬ್ಬಿಣವೂ ಸಿಗ್ನಲ್ ತಡೆಯುತ್ತದೆ, ಅದರ ಬಾಗಿಲಿನ ದೊಡ್ಡ ಕನ್ನಡಿಯೂ ತಡೆಯುತ್ತದೆ. ಅತ್ತೆಯ ತವರಿನ ಕಪಾಟು ಅದು, ಹುಬ್ಬಳ್ಳಿಯಿಂದ ಲಾರಿಯಲ್ಲಿ ಬಂದದ್ದು. ಅದನ್ನು ಸರಿಸುವುದಕ್ಕೆ ವಾಚ್‌ಮನ್, ಇಸ್ತ್ರಿಯವ, ಮೆಟ್ಟಿಲ ಮೇಲೆ ಓದುತ್ತಿದ್ದ ಹುಡುಗ, ಎಲ್ಲರೂ ಬೇಕಾದರು. ರೌಟರನ್ನೂ ಚಪ್ಪಲಿ ಸ್ಟ್ಯಾಂಡಿನಿಂದ ಎತ್ತಿ, ವೈರು ಎಳೆದು, ಮನೆಯ ನಟ್ಟನಡುವೆ ಗೋಡೆಯ ಮೇಲೆ ಏರಿಸಿದ್ದಾಯಿತು. ಕಪಾಟು ಹೊಸ ಜಾಗಕ್ಕೆ ಕೂತಿತು. ಕೂತ ಗಳಿಗೆಗೇ ರೌಟರಿನಲ್ಲಿ ಕೆಂಪು ದೀಪ. ಈಗ ಬಾಗಿಲ ಬಳಿಯೂ ಇಲ್ಲ, ಎಲ್ಲೂ ಇಲ್ಲ, ಸೊನ್ನೆ.

ಕಂಪನಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ರೌಟರ್ ಬಂದ್ ಮಾಡಿ ಮತ್ತೆ ಹಚ್ಚಿ. ಮರುದಿನ ಸಂಜೆ ಅದೇ ಹುಡುಗ ಬಂದ. ಬಂದವನೇ ಬಗ್ಗಿ ನೋಡಿದ. ಕಪಾಟಿನ ಕಾಲಡಿ ವೈರು ಸಿಕ್ಕಿ ಅಪ್ಪಚ್ಚಿಯಾಗಿತ್ತು. “ಸಾಬ್, ಅಂದರ್ ಕಾಂಚ್ ಹೋತಾ ಹೈ” ಅಂದ. ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅದರೊಳಗೆ ಬೆಳಕು ಓಡಬೇಕು, ಅದರ ಮೇಲೆ ಅತ್ತೆಯ ಹನ್ನೆರಡು ರೇಷ್ಮೆ ಸೀರೆ, ಹಿತ್ತಾಳೆ ಪಾತ್ರೆಗಳ ಸಮೇತ ಕಪಾಟು ಕೂತರೆ ಏನಾದೀತು. ಹೊಸ ವೈರು ಎಳೆದ. ಮೂಗಿಗೆ ತಾಗುವಂತೆ ಫೋನು ಹಿಡಿದು ಟೆಸ್ಟ್ ಮಾಡಿದ. 200. ಸ್ಕ್ರೀನ್‌ಶಾಟ್, ಒಟಿಪಿ, ಫೈವ್ ಸ್ಟಾರ್, ಬ್ಯಾಗು ಹೆಗಲಿಗೆ.

ಬಾಗಿಲ ತನಕ ಹೋಗಿದ್ದವನನ್ನು ನಮ್ಮವರು ತಡೆದರು. “ಬೇಟಾ, ಏಕ್ ಮಿನಿಟ್, ಜರಾ ಬೀಚ್ ಮೇ ಖಡೇ ರಹೋ.” ಹುಡುಗನಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದ. ನಾನು ಚಹಾ ಮಾಡುವ ನೆವದಲ್ಲಿ ಒಳಗೆ ಹೋದೆ. ಅತ್ತೆ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡು, “ಎಷ್ಟು ಹೋತೋ? ಆರಕ್ಕಿಂತ ಜಾಸ್ತಿನೋ, ಕಮ್ಮಿನೋ?” ಅಂತ ಕೇಳುತ್ತಿದ್ದರು.